ನರಸೀಪುರದ ಟಿಂಕರ್ ಮುಚ್ಚಿದ ತೂತು

ನರಸೀಪುರದ ಟಿಂಕರನ ಕೈ ಚಿನ್ನದಂಥದ್ದು ಎಂದು ನನ್ನ ಮುಂದೆ ಯಾರೂ ಹೇಳಬೇಡಿ. ಹೇಳಿದ ದಿನ ನನಗೆ ಅನ್ನ ಸೇರುವುದಿಲ್ಲ. ನಾವಿಬ್ಬರೂ ನಂಜನಗೂಡಿನ ಒಬ್ಬರೇ ಮೇಸ್ತ್ರಿಯ ಹತ್ತಿರ ಕೆಲಸ ಕಲಿತವರು. ನಾನು ಎಂಜಿನ್ ಹಿಡಿದೆ, ಅವನು ತಗಡು ಹಿಡಿದ. ಅವನು ಮಾಡಿದ್ದು ಬಿಸಿಲಿಗೆ ಹೊಳೆಯುತ್ತದೆ. ನಾನು ಮಾಡಿದ್ದು ಬಾನೆಟ್ ಕೆಳಗೆ ಎಣ್ಣೆ ಬಳಿದುಕೊಂಡು ಕೂತಿರುತ್ತದೆ. ಗಾಡಿ ನೋಡಲು ಬಂದವರು ಬಾಗಿಲು ಸವರುತ್ತಾರೆಯೇ ಹೊರತು ಬಾನೆಟ್ ಎತ್ತಿ ಕಾರ್ಬೊರೇಟರ್ ಸವರಿದವರನ್ನು ನಾನಂತೂ ನೋಡಿಲ್ಲ.

ಇಷ್ಟು ವರ್ಷ ಅವನು ಅಲ್ಲಿ, ನಾನು ಇಲ್ಲಿ ಇದ್ದುದರಿಂದ ಹೊಟ್ಟೆಕಿಚ್ಚು ಹದವಾಗಿಯೇ ಇತ್ತು. ಬನ್ನೂರಿನ ರೈಸ್ ಮಿಲ್ ಯಜಮಾನರು ಬಂದು ಅದಕ್ಕೆ ಸೀಮೆಎಣ್ಣೆ ಸುರಿದರು.

ಅವರ ಗೋದಾಮಿನಲ್ಲಿ ಅಪ್ಪನ ಕಾಲದ ಅಮೆರಿಕದ ಡಾಡ್ಜ್ ಪಿಕಪ್ ಒಂದು ತೌಡು, ಹೊಟ್ಟುಗಳ ನಡುವೆ ಹೂತುಹೋಗಿತ್ತು. ಒಂದು ಕಾಲಕ್ಕೆ ಅಕ್ಕಿ ಮೂಟೆ ಹೊತ್ತು ಮೈಸೂರಿಗೆ ಹೋಗಿ ಬರುತ್ತಿದ್ದ ಗಾಡಿ. ದುಂಡನೆಯ ಮಡ್‌ಗಾರ್ಡ್, ಮುಂದೆ ಅಗಲವಾದ ಜಾಲರಿ, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ. ಅದನ್ನು ಹೊಸದರಂತೆ ಮಾಡಿ, ಈಗಿನ ರಸ್ತೆಗೆ ತಕ್ಕ ಬ್ರೇಕು, ಲೈಟು ಹಾಕಿ ಓಡಿಸಬೇಕೆಂದು ಅವರ ಆಸೆ. ಅದರ ಹಿಂದೆಯೇ ಟಾರ್ಪಾಲು ಹೊದ್ದು ಇನ್ನೊಂದು ನಿಂತಿತ್ತು: ಹಿಂಭಾಗದಲ್ಲಿ ಎರಡು ರೆಕ್ಕೆ ಎದ್ದಿರುವ, ನಮ್ಮ ಬೀದಿಯಲ್ಲಿ ತಿರುಗಿಸಲೂ ಆಗದಷ್ಟು ಉದ್ದದ ಅಮೆರಿಕದ ಕಾರು.

"ಎಂಜಿನ್ನು, ಚಾಸಿ ನಿಮ್ದು. ಬಾಡಿ ನರಸೀಪುರದೋರ್ದು. ಇದ್ರಲ್ಲಿ ಯಾರ ಕೆಲ್ಸ ನನ್ ಮನಸ್ಸಿಗೆ ಬತ್ತದೋ, ಆ ಉದ್ದನ್ ಕಾರು ಅವರ ಶೆಡ್ಡಿಗೆ. ಪೂರ್ತಿ ಜವಾಬ್ದಾರಿ ಅವರ್ದೇ. ಇನ್ನೊಬ್ರು ಬೇಕು ಅಂದ್ರೆ ಅವರೇ ಕರ್ಕೊಳ್ಳಲಿ," ಎಂದರು ಯಜಮಾನರು.

ನನ್ನ ಗ್ಯಾರೇಜ್ ಇರುವುದು ಊಟಿ ರಸ್ತೆಯ ಪಕ್ಕದಲ್ಲಿ. ಬರುವುದೆಲ್ಲ ಗೂಡ್ಸ್ ಆಟೋ, ಟೆಂಪೊ, ಹೊಗೆ ಕಾರುವ ಹಳೆಯ ಜೀಪು. ಆ ರೆಕ್ಕೆಯ ಕಾರು ಒಂದು ವರ್ಷ ನನ್ನ ಶೆಡ್ಡಿನ ಮುಂದೆ ನಿಂತರೆ ಸಾಕು, ಊಟಿಗೆ ಹೋಗುವವರೆಲ್ಲ ಗಾಡಿ ನಿಲ್ಲಿಸಿ ಇಳಿಯುತ್ತಾರೆ, 'ಇದು ಯಾರ ಕೆಲಸ' ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನರಸೀಪುರದವನು ದಿನಾ ಕೇಳಿಸಿಕೊಳ್ಳುತ್ತಾನೆ. ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಆ ಕಾರು ನನಗೇ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಗಾಡಿಯನ್ನು ನನ್ನ ಶೆಡ್ಡಿನಲ್ಲೇ ಬಿಚ್ಚಿದೆವು. ಕ್ಯಾಬಿನ್, ಬಾನೆಟ್, ಮಡ್‌ಗಾರ್ಡ್, ತೊಟ್ಟಿ ಎಲ್ಲ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನರಸೀಪುರಕ್ಕೆ ಹೊರಟವು. ನನ್ನ ಪಾಲಿಗೆ ಉಳಿದದ್ದು ತುಕ್ಕು ಹಿಡಿದ ಚಾಸಿ, ಅದರ ಮೇಲೆ ಅಲುಗಾಡದ ಎಂಜಿನ್. ಪಿಸ್ಟನ್‌ಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಯಜಮಾನರು ಬಂದು ನೋಡಿ, "ಎಲ್ರೂ ಮಾಡೋ ಹಂಗೆ ಒಂದು ಡೀಸೆಲ್ ಎಂಜಿನ್ ಕೂರಿಸ್ಬುಡಿ. ಯಾಕ್ ಒದ್ದಾಡ್ತೀರಾ?" ಎಂದರು.

ನಮ್ಮ ಕಡೆ ಹಳೆಯ ಅಮೆರಿಕದ ಗಾಡಿಗಳಿಗೆ ಆಗಿರುವುದು ಅದೇ. ಮೇಲೆ ರಾಜನ ವೇಷ, ಒಳಗೆ ಟ್ರ್ಯಾಕ್ಟರಿನ ಸದ್ದು. ನಾನು ಆಗುವುದಿಲ್ಲ ಎಂದೆ. ಹಳೆಯದನ್ನು ಉಳಿಸಬೇಕೆಂಬ ದೊಡ್ಡ ಆದರ್ಶವೇನೂ ಅಲ್ಲ. ಯಾವುದೋ ಗಾಡಿಯ ಎಂಜಿನ್ ತಂದು ಕೂರಿಸಿದರೆ ಹೊಗಳಿಕೆಯೆಲ್ಲ ತಗಡಿಗೆ ಹೋಗುತ್ತದೆ, ನನ್ನದೆಂದು ಹೇಳಿಕೊಳ್ಳಲು ಏನಿರುತ್ತದೆ? "ಇದೇ ಎಂಜಿನ್ ಎಬ್ಬಿಸ್ಕೊಡ್ತೀನಿ ಯಜಮಾನ್ರೇ. ಆಗ್ಲಿಲ್ಲ ಅಂದ್ರೆ ಆಮೇಲ್ ನೋಡನ," ಎಂದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಸೀಮೆಎಣ್ಣೆ, ಹಳೆಯ ಬ್ರೇಕ್ ಆಯಿಲ್ ಬೆರೆಸಿ ಸುರಿದೆ. ದಿನಾ ಬೆಳಗ್ಗೆ ಬಂದು ಕ್ರ್ಯಾಂಕಿನ ನಟ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ, ಅದರ ತುದಿಗೆ ಪೈಪು ತೊಡಿಸಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಒತ್ತುವುದು. ಜೋರು ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಾರಗಳು ಕಳೆದವು. ಒಂದು ದಿನ ಪೈಪು ಕೂದಲೆಳೆಯಷ್ಟು ಜರುಗಿತು. ಆ ಸಂತೋಷಕ್ಕೆ ನಾನು ಶೆಡ್ಡಿನಲ್ಲಿ ಒಬ್ಬನೇ ಕೂಗಿಕೊಂಡೆ. ಪಿಸ್ಟನ್‌ಗಳನ್ನು ಕೆಳಗಿನಿಂದ ಮರದ ಕೊರಡಿಟ್ಟು ತಟ್ಟಿ ತೆಗೆದೆ. ಸಿಲಿಂಡರಿನ ಗೋಡೆಯೆಲ್ಲ ಗೀರು ಬಿದ್ದಿತ್ತು. ಬ್ಲಾಕನ್ನು ಮೈಸೂರಿನ ಲೇತ್ ಅಂಗಡಿಗೆ ಒಯ್ದು ಕೊರೆಸಿ, ಒಳಗೆ ಹೊಸ ಕೊಳವೆಯಂಥ ಸ್ಲೀವ್ ಹಾಕಿಸಿದೆ. ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲೇ ಬ್ಲಾಕಿನೊಳಗೆ ಕೂರುತ್ತವೆ. ಒಂದೊಂದಕ್ಕೂ ಉಜ್ಜುವ ಪೇಸ್ಟ್ ಹಚ್ಚಿ, ಅದಕ್ಕೆ ಕಚ್ಚಿಸಿದ ಕಡ್ಡಿಯನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ ಕೂರಿಸಿದೆ.

ಇತ್ತ ನನ್ನ ಕೈ ಹೀಗೆ ಸವೆಯುತ್ತಿರುವಾಗ ಅತ್ತ ನರಸೀಪುರದಿಂದ ವಾಟ್ಸ್ಯಾಪಿನಲ್ಲಿ ಫೋಟೋಗಳು ಬರುತ್ತಿದ್ದವು. ಯಜಮಾನರು ಮೂವರನ್ನೂ ಸೇರಿಸಿ ಗ್ರೂಪ್ ಮಾಡಿದ್ದರು. ಅವನು ಬಾಗಿಲಿನ ಫೋಟೋ ಹಾಕಿದರೆ ಯಜಮಾನರಿಂದ ಹೂವಿನ ಚಿತ್ರ, ಮಡ್‌ಗಾರ್ಡಿನದು ಹಾಕಿದರೆ ಕೈಮುಗಿದ ಚಿತ್ರ. ನಾನು ಗೀರಿಲ್ಲದ ಸ್ಲೀವಿನ ಫೋಟೋ ಹಾಕಿದೆ. ಯಜಮಾನರು 'ಇದೇನು' ಎಂದು ಕೇಳಿದರು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಮೇಸ್ತ್ರಿಯದನ್ನು ನುಂಗಲಾಗಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿರುವ ನಮ್ಮ ಮೇಸ್ತ್ರಿ ಇರುವುದು ನನ್ನ ಗ್ಯಾರೇಜಿಗೆ ಎರಡು ಬೀದಿ ಆಚೆ. ನನ್ನ ಶೆಡ್ಡಿಗೆ ಇಣುಕದ ಆ ಮನುಷ್ಯ ವಾರ ವಾರ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ, ದಿನವಿಡೀ ಅವನ ಶೆಡ್ಡಿನಲ್ಲಿ ಕೂತು ಬರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಹಿತ್ತಲಿಗೆ ಒಮ್ಮೆಯಾದರೂ ಬರಬಾರದೇ? ಮನೆಯಲ್ಲಿ ಇದನ್ನೇ ಗೊಣಗಿದಾಗ ಹೆಂಡತಿ, "ಅಲ್ಲಿ ಒಳೆ ಮೀನಿನ ಸಾರು ಆಕ್ತಾರೆ. ನೀವೇನ್ ಆಕ್ತೀರಿ, ಗ್ರೀಸಾ?" ಎಂದಳು.

ಕ್ಯಾಬಿನ್ ಇಲ್ಲದೆ ಚಾಸಿಯ ಮೇಲೆಯೇ ಎಂಜಿನ್ ಮೊದಲ ಸಲ ಚಾಲೂ ಮಾಡಿದೆ. ಎದ್ದಿತು. ಆದರೆ ಸ್ವಲ್ಪ ಹೊತ್ತಿಗೇ ಹಿಂದಿನ ಸಿಲಿಂಡರುಗಳ ಹತ್ತಿರ ಕೈ ಇಡಲಾಗದಷ್ಟು ಕಾದುಹೋಯಿತು. ನೀರಿನ ಪಂಪು ಬಿಚ್ಚಿ ನೋಡಿದರೆ, ಹಿಂದಿನ ತುದಿಯವರೆಗೆ ತಣ್ಣೀರು ಮುಟ್ಟಿಸಲು ಬ್ಲಾಕಿನೊಳಗೆ ಉದ್ದಕ್ಕೆ ಕೂರಿಸಿದ್ದ ಚಪ್ಪಟೆ ಕೊಳವೆ ಕೊಳೆತು ಪುಡಿಯಾಗಿತ್ತು. ಕೊಕ್ಕೆ ಹಾಕಿ ಚೂರು ಚೂರಾಗಿ ಎಳೆದೆ. ಹೊಸದು ಎಲ್ಲೂ ಸಿಗಲಿಲ್ಲ. ಹಿತ್ತಾಳೆ ತಗಡು ಮಡಿಚಿ ಮಾಡಬೇಕು. ತಗಡು ಮಡಿಚುವ ಕೆಲಸಕ್ಕೆ ಈ ಸೀಮೆಯಲ್ಲಿ ಯಾರ ಹತ್ತಿರ ಹೋಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮೈಸೂರಿಗೆ ಹೋಗಿ ಪಾತ್ರೆ ಮಾಡುವವರ ಕೈಯಲ್ಲಿ ಮಾಡಿಸಿಕೊಂಡು ಬಂದೆ. ಮೊದಲನೆಯದು ಒಳಗೆ ಹೋಗಲೇ ಇಲ್ಲ. ಮತ್ತೆ ಹೋದೆ.

ಕೊಳವೆ ಕೂತ ಮೇಲೆ ಎಂಜಿನ್ ಕಾಯುವುದು ನಿಂತಿತು. ಆರು ವೋಲ್ಟಿನ ಡೈನಮೊ ತೆಗೆದು ಹನ್ನೆರಡರ ಆಲ್ಟರ್ನೇಟರ್ ಹಾಕಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂರಿಸಿದೆ. ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್ ಈ ಗಾಡಿಯಲ್ಲಿ ಈಗಿನವುಗಳಂತೆ ಬಾನೆಟ್ ಒಳಗಿಲ್ಲ. ಡ್ರೈವರ್ ಕಾಲಡಿಯಲ್ಲಿ, ಕ್ಯಾಬಿನ್ನಿನ ನೆಲದ ಕೆಳಗೆ ಚಾಸಿಗೆ ಅಂಟಿಕೊಂಡಿರುತ್ತದೆ. ಆ ಜಾಗದಲ್ಲೇ, ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಆಯಿಲ್ ಬೇರೆ ಬೇರೆ ದಾರಿಯಲ್ಲಿ ಹೋಗುವ ಡಬಲ್ ಸಿಲಿಂಡರ್ ಕೂರಿಸಿದೆ. ಒಂದು ಕಡೆ ಸೋರಿದರೂ ಇನ್ನೊಂದು ಕಡೆ ಹಿಡಿಯಬೇಕೆಂಬುದು ಲೆಕ್ಕ.

ಸ್ಟೀರಿಂಗ್ ಕಂಬ, ಗೇರ್ ಕಡ್ಡಿಯ ಅಳತೆ ಒಪ್ಪಿಸಲು ಒಮ್ಮೆ ನರಸೀಪುರಕ್ಕೆ ಹೋಗಲೇಬೇಕಾಯಿತು. ಕ್ಯಾಬಿನ್ ಬಣ್ಣಕ್ಕೆ ಮುಂಚಿನ ಬರಿಯ ತಗಡಿನಲ್ಲಿ ನಿಂತಿತ್ತು. ತುಕ್ಕು ತಿಂದಿದ್ದ ಕಡೆ ಕತ್ತರಿಸಿ ಹೊಸ ತಗಡು ಬೆಸೆದಿದ್ದ. ಬೆಸುಗೆ ಎಲ್ಲಿದೆ ಎಂದು ಕಣ್ಣಿಗೆ ಕಾಣದು, ಪುಟ್ಟಿ ಮೆತ್ತಿರಲಿಲ್ಲ. ಅವನು ಎಳನೀರು ತರಲು ಹೋದಾಗ ನಾನು ಬಾಗಿಲ ಸಂದಿಯಲ್ಲಿ ಬೆರಳಾಡಿಸಿ ಎಲ್ಲಾದರೂ ಏರುಪೇರು ಸಿಗುತ್ತದೆಯೇ ಎಂದು ಹುಡುಕಿದೆ. ಮೇಲಿಂದ ಕೆಳಗೆ ಒಂದೇ ಸಮ. ಬಾಗಿಲು ಎಳೆದರೆ ಡಬ್ಬಿಯ ಮುಚ್ಚಳ ಕೂತಂತೆ ಕೂತಿತು. "ಎಂಗದೆ?" ಎಂದು ಅವನು ಕೇಳಿದ. "ಪರವಾಗಿಲ್ಲ ಬುಡು," ಎಂದೆ. ಎಳನೀರು ಸಿಹಿಯಾಗಿಯೇ ಇತ್ತು, ಅದಕ್ಕೂ ಸಿಟ್ಟು ಬಂತು.

ಬಣ್ಣವಾಗಿ ಕ್ಯಾಬಿನ್ ನಂಜನಗೂಡಿಗೆ ಬಂತು. ಬಾಳೆ ಎಲೆಯ ಕಡು ಹಸಿರು, ಮಡ್‌ಗಾರ್ಡ್ ಮಾತ್ರ ಕಪ್ಪು. ಚೈನ್ ಬ್ಲಾಕಿನ ರಾಟೆಯಲ್ಲಿ ಎತ್ತಿ ಚಾಸಿಯ ಮೇಲೆ ಇಳಿಸಿದೆವು. ಒಂದು ಬೋಲ್ಟಿನ ತೂತೂ ತಪ್ಪಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತರು. ನಿಂಬೆಹಣ್ಣಿಟ್ಟು, ಕಾಯಿ ಒಡೆದು ಗಾಡಿ ಚಾಲೂ ಮಾಡಿದೆ. ಎಂಜಿನ್ ಎಷ್ಟು ಮೆತ್ತಗೆ ಎದ್ದಿತೆಂದರೆ ಪಕ್ಕದ ಹೋಟೆಲಿನವನು, "ಚಾಲೂ ಆಯ್ತಾ ಸಾ, ಇನ್ನೂ ಇಲ್ವಾ?" ಎಂದು ಕೇಳಿದ. ಅದಕ್ಕಿಂತ ದೊಡ್ಡ ಹೊಗಳಿಕೆ ಎಂಜಿನ್ ಕೆಲಸದವನಿಗಿಲ್ಲ. ಆದರೆ ಕೇಳಿದವನಿಗೆ ಅದು ಹೊಗಳಿಕೆ ಎಂದೇ ಗೊತ್ತಿರಲಿಲ್ಲ. "ಬಣ್ಣ ಮಾತ್ರ ಸೂಪರ್ ಕಣ್ರೀ!" ಎಂದು ಅವನೂ ಬಾಗಿಲು ಸವರಿ ಹೋದ.

ಮಾರನೆಯ ದಿನ ಒಬ್ಬನೇ ಸುತ್ತೂರು ರಸ್ತೆಗೆ ತೆಗೆದುಕೊಂಡು ಹೋದೆ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ನನ್ನ ಕೆಲಸಕ್ಕೆ ನಾನೇ ಶಿಳ್ಳೆ ಹಾಕಿಕೊಳ್ಳುತ್ತಾ ಹೋಗುವಾಗ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಬ್ರೇಕ್ ಒತ್ತಿದೆ, ಪೆಡಲ್ ಸರ್ರನೆ ಕೆಳಗಿಳಿಯಿತು. ಮುಂದಿನ ಚಕ್ರಗಳು ಹಿಡಿಯಲೇ ಇಲ್ಲ. ಡಬಲ್ ಸಿಲಿಂಡರ್ ಪುಣ್ಯಕ್ಕೆ ಹಿಂದಿನವು ಹಿಡಿದವು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವಷ್ಟರಲ್ಲಿ ಕಬ್ಬಿನ ಗರಿಗಳು ಬಾನೆಟ್ ಮೇಲೆ ಪರಪರ ಎನ್ನುತ್ತಿದ್ದವು. ಅಯ್ಯೋ ನಂಜುಂಡಪ್ಪಾ ಎಂದು ಸ್ಟೀರಿಂಗಿಗೆ ತಲೆ ಒರಗಿಸಿದೆ.

ಮೆಲ್ಲಗೆ ಶೆಡ್ಡಿಗೆ ತಂದು ನೋಡಿದರೆ, ಮುಂದಿನ ಬ್ರೇಕಿಗೆ ಹೋಗುವ ಪೈಪಿನ ತುದಿಯ ತಾಮ್ರದ ವಾಷರ್ ಸರಿಯಾಗಿ ಕೂತಿರಲಿಲ್ಲ. ಆಯಿಲ್ ಸೋರಿಹೋಗಿತ್ತು. ವಾಷರ್ ಬದಲಿಸಿದೆ. ಆಯಿಲ್ ತುಂಬಲು ಡ್ರೈವರ್ ಕಾಲಡಿಯ ರಬ್ಬರ್ ಚಾಪೆ ಎತ್ತಿದೆ. ಅಲ್ಲಿ, ಮಾಸ್ಟರ್ ಸಿಲಿಂಡರಿನ ನೆತ್ತಿಗೆ ಸರಿಯಾಗಿ, ನೆಲದ ತಗಡಿನಲ್ಲಿ ಬೋಗುಣಿಯಷ್ಟಗಲ ಒಂದು ತೂತಿದ್ದು, ಅದಕ್ಕೊಂದು ಮುಚ್ಚಳ ಇರಬೇಕು. ಆಯಿಲ್ ನೋಡುವುದು, ಹಾಕುವುದು ಅದರ ಮೂಲಕವೇ. ಗಾಡಿ ಬಿಚ್ಚುವಾಗ ಮುಚ್ಚಳ ಕಳೆದುಹೋಗಿದ್ದರೂ ತೂತು ಇದ್ದದ್ದು ನನಗೆ ನೆನಪಿತ್ತು. ಮೊದಲ ಸಲ ಆಯಿಲ್ ತುಂಬಿದ್ದು ಕ್ಯಾಬಿನ್ ಇಳಿಸುವ ಮುಂಚೆ, ಕ್ಯಾಬಿನ್ ಬಂದದ್ದು ಚಾಪೆ ಹಾಸಿಕೊಂಡೇ. ಈಗ ನೋಡಿದರೆ ಕನ್ನಡಿಯಂಥ ಹಸಿರು ನೆಲ. ತುಕ್ಕು ತಿಂದ ತೂತುಗಳ ಜೊತೆಗೆ ಅದನ್ನೂ ತಗಡಿಟ್ಟು ಬೆಸೆದು, ಉಜ್ಜಿ, ಬಣ್ಣ ಬಳಿದಿದ್ದ!

ನಾನು ನಕ್ಕೆ. ಮನಸಾರೆ ನಕ್ಕೆ. ಅಷ್ಟು ತಿಂಗಳಲ್ಲಿ ನನಗೆ ಅಂಥ ಖುಷಿ ಆಗಿರಲಿಲ್ಲ. ಚಿನ್ನದ ಕೈ ಬ್ರೇಕಿನ ಬಾಯಿಗೇ ತಗಡು ಹೊಡೆದಿತ್ತು.

ನನ್ನ ಮುಂದೆ ಎರಡು ದಾರಿ ಇದ್ದವು. ಸಿಲಿಂಡರಿನಿಂದ ಒಂದು ರಬ್ಬರ್ ಪೈಪು ಎಳೆದು, ಬಾನೆಟ್ ಒಳಗೆ ಪುಟ್ಟ ಡಬ್ಬಿ ಕೂರಿಸಿ ಅಲ್ಲಿಂದಲೇ ಆಯಿಲ್ ಹಾಕುವಂತೆ ಮಾಡುವುದು ಒಂದು. ಅರ್ಧ ದಿನದ ಕೆಲಸ, ನೆಲ ಹಾಗೇ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು, ಎಲ್ಲರನ್ನೂ ಕರೆದು ತೋರಿಸುವುದು. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು, "ಪೈಪ್ ಆಕಿ ಮುಗ್ಸಿ. ಅವರ ಮರ್ಯಾದೆ ತೆಗ್ದು ನಿಮಗೇನ್ ಬರ್ಬೇಕು?" ಎಂದಳು. ಏನು ಬರಬೇಕೆಂದು ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ರೆಕ್ಕೆಯ ಕಾರು ಬರಬೇಕು.

ಯಜಮಾನರಿಗೆ ಫೋನ್ ಮಾಡಿದೆ. "ಬಾಡೀಲಿ ಒಂದ್ ತಪ್ಪಾಗದೆ ಯಜಮಾನ್ರೇ. ನೀವೇ ಬಂದು ಕಣ್ಣಾರೆ ನೋಡ್ಬೇಕು," ಎಂದೆ. ಟಿಂಕರನಿಗೂ ಬರಲು ಹೇಳಿದೆ. ಮೇಸ್ತ್ರಿಯ ಮನೆಗೆ ನಾನೇ ಹೋಗಿ ಕರೆದೆ.

ಮರುದಿನ ಬೆಳಗ್ಗೆ ಎಲ್ಲರೂ ಬಂದರು. ನಾನು ಚಾಪೆ ಎತ್ತಿ, ಕೆಳಗೆ ಏನಿದೆ, ಮೇಲೆ ಏನಿರಬೇಕಿತ್ತು, ಇಲ್ಲದಿದ್ದರೆ ಏನಾಗುತ್ತದೆ ಎಂದು ವಿವರವಾಗಿ ಹೇಳಿದೆ. ಕಬ್ಬಿನ ಟ್ರ್ಯಾಕ್ಟರಿನ ಕಥೆಗೆ ಒಸಿ ಉಪ್ಪು ಖಾರವನ್ನೂ ಹಾಕಿದೆ. ಟಿಂಕರ್ ಮಂಡಿಯೂರಿ ನೆಲದ ಮೇಲೆ ಅಂಗೈ ಆಡಿಸಿದ. ಅವನು ನೆಪ ಹೇಳಲಿ, ನನ್ನ ಮೇಲೆ ಹಾಕಲಿ ಎಂದು ನಾನು ಕಾಯುತ್ತಿದ್ದೆ. ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ.

"ತಪ್ಪು ನಂದೇ ಸಾ. ಇಲ್ಲಿ ತೂತಿತ್ತು. ನಾನೇ ಮುಚ್ದೆ," ಎಂದ. ಅಷ್ಟೇ.

ನನ್ನ ಉತ್ತರಗಳೆಲ್ಲ ದಂಡವಾದವು. ಮೇಸ್ತ್ರಿ ನನ್ನ ಕಡೆ ತಿರುಗಿದರು.

"ಅದ್ ಸರಿ ಕಣ್ಲಾ. ಎಣ್ಣೆ ಯಾಕ್ ಕಮ್ಮಿ ಆಯ್ತು?"

"ವಾಷರು ಮೇಸ್ತ್ರೀ... ಒಸಿ ಸರಿಯಾಗ್ ಕೂತಿರ್ನಿಲ್ಲ."

"ಯಾರ್ ಆಕಿದ್ದು ವಾಷರು?"

"ನಾನೇಯ," ಎಂದೆ. ಯಜಮಾನರು ನನ್ನ ಮುಖ ನೋಡಿದರು, ಆಮೇಲೆ ಚಾಪೆ ನೋಡಿದರು.

ಟಿಂಕರ್ ಒದ್ದೆ ಗೋಣಿಚೀಲ ಕೇಳಿ, ಸುತ್ತಲ ಬಣ್ಣ ಕಾಯದಂತೆ ಹಾಸಿ, ಸೀಮೆಸುಣ್ಣದಲ್ಲಿ ದುಂಡಗೆ ಗೆರೆ ಎಳೆದ. ಕತ್ತರಿಸಿ ತೆಗೆದು, ಅಂಚನ್ನು ಕಾಲಿಗೆ ತಾಗದಂತೆ ಒಳಕ್ಕೆ ಮಡಿಚಿದ. ನನ್ನ ಶೆಡ್ಡಿನದೇ ಚೂರು ತಗಡಿನಲ್ಲಿ ಮುಚ್ಚಳ ಮಾಡಿದ. ನಡುವೆ ಏಳು ದಳದ ಹೂವಿನಂತೆ ಉಬ್ಬು ತಟ್ಟಿ, ಅರ್ಧ ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುವ ಹಾಗೆ ಕೊಂಡಿ ಇಟ್ಟ. ಯಜಮಾನರು ಅದನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. "ಎಂಥಾ ಕೆಲ್ಸ ರೀ ಇದು!" ಎಂದರು. ಪಕ್ಕದ ಹೋಟೆಲಿನವನೂ ಬಂದು ಮುಚ್ಚಳ ತಿರುಗಿಸಿ ನೋಡಿ ಹೋದ. ನೋಡಿ, ತಪ್ಪು ಮಾಡಿದ್ದಕ್ಕೂ ಅವನಿಗೆ ಹೊಗಳಿಕೆ! ತಪ್ಪು ಹುಡುಕಿದ ನಾನು ಆಯಿಲ್ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಆಯಿಲ್ ತುಂಬಿ, ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಗಾಡಿ ಓಡಿಸಿ, ನಿಲ್ಲಿಸಿ ತೋರಿಸಿದ ಮೇಲೆ ಯಜಮಾನರು ಮಾತಾಡಿದರು. ನನ್ನ ಹೆಗಲ ಮೇಲೆ ಕೈ ಇಟ್ಟಾಗಲೇ ನನಗೆ ತಿಳಿಯಿತು, ಕೊಡುವವರು ಹಾಗೆ ಕೈ ಇಡುವುದಿಲ್ಲ.

"ಎಂಜಿನ್ ವಿಷ್ಯದಲ್ಲಿ ನಿಮ್ಮನ್ನ ಮೀರ್ಸೋರಿಲ್ಲ. ಆದ್ರೆ ಆ ಕಾರು ನರಸೀಪುರಕ್ಕೇ ಹೋಗ್ಲಿ. ಪೂರ್ತಿ ಜವಾಬ್ದಾರಿ ಹೊರೋನು, ತಪ್ಪಾದಾಗ ನಂದು ಅನ್ನೋನಾಗಿರ್ಬೇಕು ನೋಡಿ. ಬೇಜಾರ್ ಮಾಡ್ಕೊಳ್ಬೇಡಿ."

ಬೇಜಾರು ಮಾಡಿಕೊಳ್ಳದೆ ಏನು ಮಾಡಿಕೊಳ್ಳಲಿ? ನಾನು ತೋಡಿದ ಹಳ್ಳ, ನಾನೇ ಬಿದ್ದೆ. ಪೈಪು ಎಳೆದು ಡಬ್ಬಿ ಕೂರಿಸಿದ್ದರೆ ಮುಗಿಯುತ್ತಿತ್ತು ಎಂಬುದು ಒಂದು ಕಡೆ. ಅದಕ್ಕಿಂತ ಹೆಚ್ಚು ಉರಿದದ್ದು, ಅವನಿಗೆ 'ನಂದೇ ತಪ್ಪು' ಎನ್ನುವುದು ಅಷ್ಟು ಸಲೀಸಾಗಿ ಬಂತಲ್ಲ ಎಂಬುದು. ಅದನ್ನೂ ಅವನು ನನಗಿಂತ ಚೆನ್ನಾಗಿ ಮಾಡುತ್ತಾನೆ!

ಗಾಡಿಯನ್ನು ಬನ್ನೂರಿಗೆ ಮುಟ್ಟಿಸುವ ಕೆಲಸ ಬಾಕಿ ಇತ್ತು. ಯಜಮಾನರು ಮೇಸ್ತ್ರಿಯನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಮುಂದೆ ಹೋದರು. ನಾನು ಡಾಡ್ಜ್ ಓಡಿಸಿದೆ, ಅವನು ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಊರುಗಳಲ್ಲಿ ಜನ ಕೈ ಬೀಸಿದರು. ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ. ನರಸೀಪುರ ಇನ್ನೇನು ಬಂತು ಅನ್ನುವಾಗ ಅವನೇ ಬಾಯಿಬಿಟ್ಟ.

"ಅದು ತುಕ್ಕಿನ ತೂತಲ್ಲ ಅಂತ ನಂಗೆ ಗೊತ್ತಿತ್ತು ಕಣ್ಲಾ. ಅಂಚು ದುಂಡಗಿತ್ತು. ಯಾತಕ್ಕೋ ಬುಟ್ಟವ್ರೆ ಅನ್ನಿಸ್ತು."

"ಮತ್ ಯಾಕ್ಲಾ ಮುಚ್ದೆ? ಒಂದ್ ಮಾತ್ ಕೇಳಕ್ಕೇನಾಗಿತ್ತು ನಿಂಗೆ ದಾಡಿ?"

"ಕೇಳನ ಅಂತ ಫೋನ್ ಎತ್ಕಂಡಿದ್ದೆ. ಅವತ್ತು ಮೇಸ್ತ್ರು ಬಂದಿದ್ರು. ಬೆಳಗ್ಗಿಂದ ಸಂಜೆಗಂಟ ನಿಂದೇ ಪುರಾಣ. 'ಕಚ್ಕಂಡಿದ್ದ ಎಂಜಿನ್ ಬುಡಿಸ್ಬುಟ್ಟ, ಒಂದ್ ರಾಡ್ ಬಾಗ್ನಿಲ್ಲ, ನಾನಾಗಿದ್ರೆ ಡೀಸೆಲ್ ಆಕ್ಬುಡ್ತಿದ್ದೆ' ಅಂತ. ವಾರ ವಾರ ನನ್ ಮನೇಲಿ ಉಣ್ಕಂಡು, ನನ್ ಶೆಡ್ಡಲ್ ಕೂತ್ಕಂಡು, ನಿನ್ನೇ ಒಗಳೋರು. ನನ್ ತಗಡ್ ಬಗ್ಗೆ ಒಂದ್ ಮಾತಿಲ್ಲ. ಇಂಥೋನ್ನ ನಾನು ಕೇಳ್ಬೇಕಾ ಅಂತ ಫೋನ್ ಮಡಗ್ಬುಟ್ಟು, ತಗಡಿಟ್ಟು ಬೆಸ್ದ್ಬುಟ್ಟೆ. ಒಟ್ಟೆ ಉರ್ದೋಗ್ತಿತ್ತು ಕಣ್ಲಾ."

ಸಿಟ್ಟು ಬರಬೇಕಿತ್ತು. ಆ ಹೊಟ್ಟೆ ಉರಿಗೆ ಬ್ರೇಕಿನ ಬಾಯಿಯೇ ಮುಚ್ಚಿಹೋಗಿತ್ತು. ಆದರೆ ಬಂದದ್ದು ಸಿಟ್ಟಲ್ಲ. ಎದೆಯ ಮೇಲೆ ವರ್ಷಗಳಿಂದ ಕೂತಿದ್ದ ಏನೋ ಒಂದು ಎದ್ದು ಹೋಯಿತು. ರೆಕ್ಕೆಯ ಕಾರು ಸಿಕ್ಕಿದ್ದರೂ ಅಷ್ಟು ಸಂತೋಷ ಆಗುತ್ತಿರಲಿಲ್ಲ, ಆಣೆಗೂ. ನಗು ಬಾರದಂತೆ ತುಟಿ ಕಚ್ಚಿಕೊಂಡು, ಕಿವಿಯ ಹತ್ತಿರ ಕೈ ಒಯ್ದೆ.

"ಏನಂದೆ? ಎಂಜಿನ್ ಸದ್ದಲ್ಲಿ ಕೇಳ್ನಿಲ್ಲ," ಎಂದೆ.

ಆ ಎಂಜಿನ್ ಸದ್ದು ಮಾಡುವುದಿಲ್ಲ ಎಂದು ಅವನಿಗೂ ಗೊತ್ತು. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ರಸ್ತೆಯ ಪಕ್ಕದಲ್ಲಿ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸರೂ ತಿರುಗಿ ನೋಡುವ ಹಾಗೆ ಕೂಗಿದ.

"ಒಟ್ಟೆ ಉರೀತಿತ್ತು ಅಂದೆ ಕಣ್ಲಾ, ಬಡ್ಡೀಮಗನೇ!"